ತುಂಗಭದ್ರೆಯ ಮೇಲೆ ಬೆಳದಿಂಗಳು: 24×18 ಇಂಚಿನ ಒಂದು ತೈಲಚಿತ್ರದ ಕೆಲಸದ ದಾಖಲೆ

ದೃಶ್ಯ ಹಂಪಿ ಕಡೆಯ ತುಂಗಭದ್ರೆಯದು. ಎದುರು ದಡದಲ್ಲಿ ಬಂಡೆಗುಡ್ಡ, ಗುಡ್ಡ ತಗ್ಗಿದ ಕಡೆ ಅದರ ಮೇಲೆ ಚಂದ್ರ, ನಡುವೆ ನೀರು. ಈಚೆ ದಡದ ಎರಡೂ ಮೂಲೆಗಳಲ್ಲಿ ಬಂಡೆಗಳ ಗುಂಪು. ಎಡಗಡೆ ಬಂಡೆಗೆ ಒರಗಿಸಿ ಬೋರಲು ಹಾಕಿದ ಹರಿಗೋಲು, ಬಲಗಡೆ ನಾಲ್ಕು ಕಂಬದ ಕಲ್ಲುಮಂಟಪ, ಅದರೊಳಗೊಂದು ಎಣ್ಣೆದೀಪ. ಒಂದೇ ಜಾಗದ ನಕಲಲ್ಲ ಇದು, ಆ ದಡದಲ್ಲಿ ಸಿಗುವುದನ್ನೆಲ್ಲ ಜೋಡಿಸಿಕೊಂಡದ್ದು. ಕ್ಯಾನ್ವಾಸ್ 24 ಇಂಚು ಅಗಲ, 18 ಇಂಚು ಎತ್ತರ. ಕುಂಚ ಹಿಡಿದದ್ದು ಎಂಟು ಸಲ. ಒಣಗಲು ಬಿಟ್ಟ ದಿನಗಳೂ ಸೇರಿ ಐದು ವಾರ ಹಿಡಿಯಿತು. ಬನದ ಹುಣ್ಣಿಮೆಗೆ ನೋಡಿ ಗುರುತು ಮಾಡಿಕೊಂಡು, ಚಳಿಗಾಲದ ಒಣಹವೆಯಲ್ಲಿ ಮಾಡಿದ ಕೆಲಸ. ಮಳೆಗಾಲದಲ್ಲಿ ಕೈಹಾಕುವವರು ಕೆಳಗಿನ ದಿನಗಳ ಲೆಕ್ಕವನ್ನು ಒಂದೂವರೆ ಪಟ್ಟು ಮಾಡಿಕೊಳ್ಳಬೇಕು.

ಕುಂಚಕ್ಕೆ ಮುಂಚಿನ ಲೆಕ್ಕ

ಬೆಳದಿಂಗಳ ಚಿತ್ರಗಳು ಹಾಳಾಗುವುದು ನೀಲಿ ಟ್ಯೂಬಿನ ಮುಚ್ಚಳ ತೆಗೆದ ಗಳಿಗೆಯಲ್ಲೇ. ಚಂದ್ರನ ಬೆಳಕು ಸೂರ್ಯನದೇ ಬೆಳಕು, ಕಪ್ಪು ಕಲ್ಲಿಗೆ ಬಡಿದು ಬಂದದ್ದು. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಚಂದ್ರ ಹಿಂದಕ್ಕೆ ಕಳಿಸುವುದು ನೂರಕ್ಕೆ ಸುಮಾರು 12 ಪಾಲು, ಹಳೇ ಡಾಂಬರು ರಸ್ತೆಯಷ್ಟು. ಆ ಬೆಳಕು ಬಿಸಿಲಿಗಿಂತ ಒಂದು ಗುಲಗಂಜಿಯಷ್ಟು ಕೆಂಪಿನ ಕಡೆಗೇ ವಾಲಿರುತ್ತದೆ. ನೀಲಿಯಾಗಿ ಕಾಣಿಸುವುದು ನಮ್ಮ ಕಣ್ಣಿನ ಕೆಲಸ. ಹುಣ್ಣಿಮೆಯ ರಾತ್ರಿ ನೆಲದ ಮೇಲೆ ಬೀಳುವ ಬೆಳಕು ಕಾಲು ಲಕ್ಸ್ (ಬೆಳಕಿನ ಅಳತೆ) ಆಸುಪಾಸು. ಆ ಮಂದಬೆಳಕಿನಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಸೋತು, ದಂಡಕೋಶಗಳು ಕೆಲಸ ವಹಿಸಿಕೊಳ್ಳುತ್ತವೆ. ಹಗಲಿನ ಕಣ್ಣಿಗೆ 555 ನ್ಯಾನೊಮೀಟರಿನ ಹಳದಿಹಸಿರು ಅತಿ ಹೊಳಪು. ದಂಡಕೋಶಕ್ಕೆ 500ರ ಸುತ್ತಿನ ನೀಲಿಹಸಿರು. ಕೆಂಪಂತೂ ಅದಕ್ಕೆ ಕಾಣುವುದೇ ಇಲ್ಲ ಎನ್ನಬಹುದು. ಜೆಕ್ ವಿಜ್ಞಾನಿ ಪುರ್ಕಿನ್ಯೆ 19ನೇ ಶತಮಾನದಲ್ಲೇ ಇದನ್ನು ಗುರುತಿಸಿದ್ದ.

ಚಿತ್ರ ಬರೆಯುವವರಿಗೆ ಇದರಿಂದ ಆಗಬೇಕಾದ್ದು ಇಷ್ಟು: ಹಗಲಲ್ಲಿ ದಾಸವಾಳದ ಹೂವು ಎಲೆಗಿಂತ ಎದ್ದು ಕಾಣುತ್ತದೆ, ಬೆಳದಿಂಗಳಲ್ಲಿ ಹೂವು ಕಪ್ಪು ಮುದ್ದೆ, ಎಲೆಯೇ ತಿಳಿ. ದೇವಸ್ಥಾನದ ಗೋಡೆಯ ಸುಣ್ಣ ಕೆಮ್ಮಣ್ಣಿನ ಪಟ್ಟೆಗಳನ್ನು ರಾತ್ರಿ ದೀಪವಿಲ್ಲದೆ ನೋಡಿ, ಕೆಮ್ಮಣ್ಣು ಕರಿಯಾಗಿರುತ್ತದೆ. ಹಾಗಾಗಿ ಹಗಲಿನ ಚಿತ್ರ ಬರೆದು ಮೇಲೆ ನೀಲಿ ಬಳಿದರೆ ಅದು ನೀಲಿ ಕನ್ನಡಕ ಹಾಕಿ ನೋಡಿದ ಹಗಲಾಗುತ್ತದೆ, ರಾತ್ರಿಯಾಗುವುದಿಲ್ಲ.

ಬಣ್ಣಕ್ಕಿಂತ ಮೊದಲು ನಿಲ್ಲಬೇಕಾದ್ದು ಟೋನ್, ಅಂದರೆ ಕಪ್ಪುಬಿಳುಪಿನ ಮಟ್ಟ. ಕಪ್ಪಿಗೆ 0, ಬಿಳಿಗೆ 10 ಎಂದು ಹನ್ನೊಂದು ಮನೆಯ ಬೂದುಪಟ್ಟಿಯೊಂದನ್ನು ರಟ್ಟಿನ ಮೇಲೆ ಬರೆದಿಟ್ಟುಕೊಂಡು ಅದರಂತೆ ಹಂಚಿದ್ದು ಹೀಗೆ: ಬಂಡೆಗಳ ನೆರಳು ಒಂದೂವರೆಯಿಂದ ಎರಡು, ಎದುರು ಗುಡ್ಡ ಎರಡೂವರೆ, ಆಕಾಶದ ಅಂಚು ಮೂರು, ಚಂದ್ರನ ಹತ್ತಿರ ನಾಲ್ಕೂವರೆ, ಬಂಡೆಯಂಚಿಗೆ ಬಿದ್ದ ಬೆಳಕು ನಾಲ್ಕರಿಂದ ಐದು, ನೀರಿನ ಮೇಲಿನ ಮಿನುಗು ಏಳೂವರೆ, ಚಂದ್ರ ಒಂಬತ್ತೂವರೆ. ದೀಪದ ಚುಕ್ಕೆಯೊಂದನ್ನು ಬಿಟ್ಟರೆ ಐದಕ್ಕೂ ಏಳಕ್ಕೂ ನಡುವೆ ಏನೂ ಇಲ್ಲ. ಆ ಖಾಲಿ ಜಾಗವೇ ಚಂದ್ರನನ್ನು ಉರಿಸುವುದು. ಯಾರಾದರೂ ಬಂಡೆಯನ್ನು ಚೆನ್ನಾಗಿ ತೋರಿಸುವ ಆಸೆಗೆ ಆರರ ಟೋನ್ ಕೊಟ್ಟರೆ ಅಷ್ಟೂ ಬೆಳಕು ಚಂದ್ರನ ಖಾತೆಯಿಂದ ಹೋಗುತ್ತದೆ.

ಚಂದ್ರನ ಗಾತ್ರದ್ದು ಇನ್ನೊಂದು ಲೆಕ್ಕ. ಆಕಾಶದಲ್ಲಿ ಚಂದ್ರನ ಅಗಲ ಅರ್ಧ ಡಿಗ್ರಿ. ಕೈ ನೀಟಿ ಕಿರುಬೆರಳು ಹಿಡಿದರೆ ಎರಡು ಚಂದ್ರ ಮುಚ್ಚಿಹೋಗುತ್ತವೆ. ಈ ಚಿತ್ರದ 24 ಇಂಚಿನಲ್ಲಿ ಸುಮಾರು 45 ಡಿಗ್ರಿಯ ನೋಟ ಇದೆ ಎಂದುಕೊಂಡರೆ ನಿಜವಾದ ಚಂದ್ರ 7 ಮಿ.ಮೀ. ಆಗಬೇಕು. ಅಷ್ಟೇ ಬರೆದರೆ ಬಟನ್ನಿನಂತೆ ಕಾಣುತ್ತದೆ, ಏಕೆಂದರೆ ಗುಡ್ಡದ ಹತ್ತಿರದ ಚಂದ್ರನನ್ನು ಮನಸ್ಸು ದೊಡ್ಡದು ಮಾಡಿಕೊಂಡಿರುತ್ತದೆ. ಎರಡು ಪಟ್ಟು, ಅಂದರೆ 14 ಮಿ.ಮೀ., ಸರಿಹೋಯಿತು. ಎರಡೂವರೆ ಪಟ್ಟು ದಾಟಿದರೆ ಕ್ಯಾಲೆಂಡರ್ ಚಿತ್ರ.

ನೋಡಿ ಗುರುತು ಮಾಡಿಕೊಳ್ಳಲು ಹುಣ್ಣಿಮೆಯ ಸಂಜೆಯೇ ಅನುಕೂಲ. ಆ ದಿನ ಸೂರ್ಯ ಮುಳುಗುವ ಹೊತ್ತಿಗೇ ಚಂದ್ರ ಮೂಡುವುದರಿಂದ, ಮುಕ್ಕಾಲು ಗಂಟೆಯವರೆಗೆ ಬೆನ್ನ ಹಿಂದಿನ ಸಂಜೆಬೆಳಕು ಇನ್ನೂ ಉಳಿದಿರುತ್ತದೆ, ಪುಸ್ತಕದಲ್ಲಿ ಪೆನ್ಸಿಲ್ ಗೆರೆ ಕಾಣುತ್ತದೆ. ಮರುದಿನ ಚಂದ್ರೋದಯ ಸುಮಾರು 50 ನಿಮಿಷ ತಡ, ಅಷ್ಟರಲ್ಲಿ ಪೂರಾ ಕತ್ತಲೆ. ಚಳಿಗಾಲದ ಹುಣ್ಣಿಮೆಯ ಚಂದ್ರ ನೇರ ಪೂರ್ವಕ್ಕಲ್ಲ, ಈಶಾನ್ಯಕ್ಕೆ ವಾಲಿ ಮೂಡುತ್ತಾನೆ, ಬೇಸಿಗೆಯದು ಆಗ್ನೇಯಕ್ಕೆ. ಎಲ್ಲಿ ಕೂರಬೇಕು ಎನ್ನುವುದನ್ನು ಇದನ್ನು ನೋಡಿಕೊಂಡೇ ಗೊತ್ತುಮಾಡಬೇಕು. ಫೋನಿನ ನೈಟ್ ಮೋಡ್ ಫೋಟೊವನ್ನು ಬಂಡೆಯ ಆಕಾರಕ್ಕೆ ಇಟ್ಟುಕೊಳ್ಳಿ, ಟೋನಿಗೆ ಬೇಡ. ಅದು ಕತ್ತಲೆಯನ್ನು ಎತ್ತಿ ಎತ್ತಿ ಮೋಡ ಕವಿದ ಮಧ್ಯಾಹ್ನ ಮಾಡಿಟ್ಟಿರುತ್ತದೆ.

ಸಾಮಾನು

ಜೆಸ್ಸೊ (ಬಣ್ಣಕ್ಕೆ ಮುಂಚೆ ಹಚ್ಚುವ ಬಿಳಿ ತಳಪದರ) ಬಳಿದ ಹತ್ತಿ ಕ್ಯಾನ್ವಾಸ್. ಅಂಗಡಿಯದಾದರೆ ಅದರ ಮೇಲೆ ಇನ್ನೂ ಎರಡು ಕೋಟ್ ಜೆಸ್ಸೊ, ನಡುವೆ 220ರ ಮರಳುಕಾಗದದಿಂದ ಒಂದು ಸಲ ಉಜ್ಜಿದ್ದು. ಕತ್ತಲೆಯ ಚಿತ್ರದಲ್ಲಿ ನೇಯ್ಗೆಯ ಒಂದೊಂದು ಎಳೆಯ ತುದಿಯೂ ಮಿನುಗಿ ಕಾಡುತ್ತದೆ, ಅದಕ್ಕೇ ಈ ಶ್ರಮ.

ಬಣ್ಣಗಳು ಏಳೇ. ನೀಲಿಗೆ ಅಲ್ಟ್ರಾಮರೀನ್ (ಪಿಬಿ 29), ಕಂದಿಗೆ ಬರ್ನ್ಟ್ ಅಂಬರ್, ಕೆಂಗಂದಿಗೆ ಬರ್ನ್ಟ್ ಸಿಯೆನಾ (ಎರಡೂ ಪಿಬಿಆರ್ 7), ಹಸಿರಿಗೆ ವಿರಿಡಿಯನ್ (ಪಿಜಿ 18), ಮಣ್ಣುಹಳದಿಗೆ ಯೆಲ್ಲೋ ಓಕರ್ (ಪಿವೈ 43), ಟೈಟಾನಿಯಂ ವೈಟ್ (ಪಿಡಬ್ಲ್ಯೂ 6), ದೀಪಕ್ಕೆ ಮಾತ್ರ ಒಂದಿಷ್ಟು ಕ್ಯಾಡ್ಮಿಯಂ ಆರೆಂಜ್ (ಪಿಒ 20). ಟ್ಯೂಬಿನ ಮೇಲಿನ ಹೆಸರಿಗಿಂತ ಪಿಗ್ಮೆಂಟ್ ಸಂಖ್ಯೆಯನ್ನು ನೋಡಿ ಕೊಳ್ಳಿ. ‘ಹ್ಯೂ’ ಎಂದಿದ್ದರೆ ಒಳಗಿರುವುದು ಬೇರೆ. ಪ್ರಷ್ಯನ್ ಬ್ಲೂ ಬೇಕೆಂದೇ ಇಟ್ಟುಕೊಂಡಿಲ್ಲ. ಗುಂಡುಸೂಜಿಯ ತಲೆಯಷ್ಟು ಬಿದ್ದರೂ ಇಡೀ ಗುಡ್ಡೆ ಬಣ್ಣವನ್ನು ನುಂಗುತ್ತದೆ. ಜಿಂಕ್ ವೈಟ್ ಕೂಡ ಬೇಡ, ವರ್ಷಗಳು ಕಳೆದಂತೆ ಅದರ ಪದರ ಗಡುಸಾಗಿ ಬಿರುಕು ಬಿಡುತ್ತದೆ.

ಟ್ಯೂಬಿನ ಕಪ್ಪನ್ನೂ ಬಳಸಿಲ್ಲ. ಅಲ್ಟ್ರಾಮರೀನ್ ಎರಡು ಪಾಲು, ಬರ್ನ್ಟ್ ಅಂಬರ್ ಒಂದು ಪಾಲು ಸೇರಿದರೆ ತಣ್ಣನೆಯ ಕಪ್ಪು. ಪಾಲು ತಿರುಗಿಸಿದರೆ ಬೆಚ್ಚನೆಯ ಕಪ್ಪು. ಕಲೆಸಿದ್ದು ಯಾವ ಕಡೆ ವಾಲಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಅಂಚಿನಲ್ಲಿ ಚಿಟಿಕೆ ಬಿಳಿ ಎಳೆದು ನೋಡಿದರೆ ಗುಟ್ಟು ಬಯಲು.

ಅಗಸೆ ಎಣ್ಣೆ (ಅಂಗಡಿಯಲ್ಲಿ ಲಿನ್ಸೀಡ್ ಎಂದು ಕೇಳಿ), ಸ್ಟ್ಯಾಂಡ್ ಆಯಿಲ್ (ಕಾಯಿಸಿ ಗಟ್ಟಿಮಾಡಿದ ಅಗಸೆ ಎಣ್ಣೆ), ಶುದ್ಧ ಟರ್ಪೆಂಟೈನ್. 12ನೇ ನಂಬರಿನ ಗಟ್ಟಿಕೂದಲಿನ ಚಪ್ಪಟೆ ಬ್ರಷ್, 6ರ ಫಿಲ್ಬರ್ಟ್ (ತುದಿ ದುಂಡಗಿನ ಚಪ್ಪಟೆ ಬ್ರಷ್), ಒಂದಿಂಚಿನ ಮೆತ್ತನೆ ಸಿಂಥೆಟಿಕ್, ಮೇಕೆಕೂದಲಿನ ಮಾಪ್ (ದುಂಡನೆಯ ಮೆತ್ತನೆ ಬ್ರಷ್) ಒಂದು, ಸಪೂರ ಗೆರೆಗೆ 1ರ ಲೈನರ್, ಪ್ಯಾಲೆಟ್ ನೈಫ್. ಪ್ಯಾಲೆಟ್ಟಿಗೆ ಗಾಜಿನ ಹಲಗೆ, ಅದರಡಿಗೆ ನಾಲ್ಕರ ಟೋನಿನ ಬೂದು ಕಾಗದ. ಬಿಳಿ ಪ್ಯಾಲೆಟ್ಟಿನ ಮೇಲೆ ಎಲ್ಲ ಬಣ್ಣವೂ ಕಪ್ಪಾಗಿಯೇ ಕಂಡು, ಗೊತ್ತಿಲ್ಲದೆ ಬಿಳಿ ಬೆರೆಸುತ್ತಾ ಹೋಗುತ್ತೇವೆ.

ದಿನ 1: ನೆಲಬಣ್ಣ

ಬಿಳಿ ಕ್ಯಾನ್ವಾಸಿನ ಮೇಲೆ ರಾತ್ರಿ ಬರೆಯಲು ಹೊರಟರೆ ಬ್ರಷ್ ಮುಟ್ಟದೆ ಬಿಟ್ಟ ಪ್ರತಿ ಚುಕ್ಕೆಯೂ ನಕ್ಷತ್ರವಾಗಿ ಇಣುಕುತ್ತದೆ. ಅಕ್ರಿಲಿಕ್ ಬರ್ನ್ಟ್ ಅಂಬರಿಗೆ ಕೊಂಚ ಅಲ್ಟ್ರಾಮರೀನ್, ಕೊಂಚ ಬಿಳಿ ಸೇರಿಸಿ ನಾಲ್ಕರ ಟೋನಿನ ಕಂದುಬೂದು ಮಾಡಿ ಪೂರ್ತಿ ಬಳಿದಾಯಿತು. ಅಕ್ರಿಲಿಕ್ ಮೇಲೆ ಎಣ್ಣೆ ಬಣ್ಣ ಕೂರುತ್ತದೆ. ಎಣ್ಣೆಯ ಮೇಲೆ ಅಕ್ರಿಲಿಕ್ ಎಂದಿಗೂ ಬೇಡ. ಮೇಲೆ ಬರುವುದೆಲ್ಲ ತಣ್ಣನೆಯ ಬಣ್ಣ, ಕೆಳಗಿನ ಕಂದು ಅಲ್ಲಲ್ಲಿ ಸಂದಿನಿಂದ ಕಂಡರೆ ಆ ತಂಪಿಗೆ ಜೀವ ಬರುತ್ತದೆ.

ಚಂದ್ರ ಬರುವ ಜಾಗಕ್ಕೆ ಬಿಳಿ ಜೆಸ್ಸೊ ಎರಡು ಕೋಟ್. ಎಡ ಅಂಚಿನಿಂದ 9 ಇಂಚು, ಕೆಳ ಅಂಚಿನಿಂದ 11.5 ಇಂಚಿಗೆ ಕೇಂದ್ರ. ಮುಂದೆ ಹಾಕುವ ದಪ್ಪ ಬಿಳಿಗೆ ಅಡಿಯಿಂದಲೂ ಬೆಳಕು ಸಿಗಲಿ ಎಂಬ ಏರ್ಪಾಡು.

ದಿನ 2: ರೇಖೆ, ಅಂಬರಿನ ಪದರ

ಎದುರು ದಡದ ನೀರಂಚು ಕೆಳಗಿನಿಂದ 7 ಇಂಚಿಗೆ. ಗುಡ್ಡದ ಎತ್ತರ ಹೆಚ್ಚೆಂದರೆ ಮೂರೂವರೆ ಇಂಚು, ಚಂದ್ರನ ಕೆಳಗೆ ತಗ್ಗಿ ಎರಡೂವರೆ. ಬಿಳಿ ಚಾಕ್‌ಪೆನ್ಸಿಲಿನಲ್ಲಿ ಗೆರೆ. ಆಮೇಲೆ ಬರ್ನ್ಟ್ ಅಂಬರನ್ನು ಬರೇ ಟರ್ಪೆಂಟೈನಿನಲ್ಲಿ ಚಹಾದಷ್ಟು ತೆಳ್ಳಗೆ ಮಾಡಿ ಕಪ್ಪು ಎಲ್ಲೆಲ್ಲಿ ಎಂದು ತುಂಬಿದ್ದು. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ, ಎರಡು ದಿನ ಸಾಕು. ಕೆಳಗಿನ ಪದರಕ್ಕೆ ಇಷ್ಟು ಅನುಕೂಲದ ಬಣ್ಣ ಬೇರೆಯಿಲ್ಲ.

ನೀರಿನೊಳಗಿನ ಪ್ರತಿಬಿಂಬದ ಲೆಕ್ಕವನ್ನು ಇಲ್ಲೇ ಮುಗಿಸಬೇಕು, ಆಮೇಲೆ ಕೈಕೊಡುತ್ತದೆ. ಚಂದ್ರ ನೀರಂಚಿನಿಂದ ನಾಲ್ಕೂವರೆ ಇಂಚು ಮೇಲಿದ್ದಾನೆ. ನೀರು ಕನ್ನಡಿಯಂತೆ ನಿಂತಿದ್ದರೆ ಅವನ ಬಿಂಬ ಅಷ್ಟೇ ಕೆಳಗೆ, ಅಂದರೆ ಕೆಳ ಅಂಚಿನಿಂದ ಎರಡೂವರೆ ಇಂಚಿಗೆ ಬೀಳಬೇಕು. ಅಲೆಯಿದ್ದರೆ ಅದೇ ಬಿಂಬ ಚೂರು ಚೂರಾಗಿ ಮೇಲಕ್ಕೂ ಕೆಳಕ್ಕೂ ಹರಡಿ ದಾರಿಯಾಗುತ್ತದೆ. ಗುಡ್ಡದ ಆಸರೆಯಲ್ಲಿ ಎದುರು ದಡದ ನೀರಿಗೆ ಗಾಳಿ ಕಡಿಮೆ, ಅಲ್ಲಿ ಗುಡ್ಡದ ಕಪ್ಪು ಬಿಂಬ. ಆದ್ದರಿಂದ ಬೆಳಕಿನ ದಾರಿ ಎದುರು ದಡಕ್ಕೆ ಅಂಟಿಕೊಂಡು ಶುರುವಾಗದು. ಮೊದಲು ಎರಡೂವರೆ ಇಂಚು ಕಪ್ಪು ಪಟ್ಟಿ, ಅದರಲ್ಲಿ ಕೂದಲಿನಂಥ ಎರಡು ಮೂರು ಗೆರೆ, ಆಮೇಲೆ ಮಿನುಗಿನ ರಾಶಿ. ಇನ್ನೊಂದು ಮಾತು: ದಾರಿ ಚಂದ್ರನ ನೇರ ಕೆಳಕ್ಕೇ ಇಳಿಯಬೇಕು. ಸಂಯೋಜನೆ ಚೆನ್ನಾಗಿ ಕಾಣಲಿ ಎಂದು ಅದನ್ನು ಓರೆಯಾಗಿ ಎಳೆದವರ ಚಿತ್ರದಲ್ಲಿ ನದಿಯೇ ವಾಲಿರುತ್ತದೆ.

ದಿನ 6: ಆಕಾಶ ಮತ್ತು ನೀರು

ಇವೆರಡೂ ಒಂದೇ ಸಲ ಕೂತು, ಒಂದೇ ಗುಡ್ಡೆ ಬಣ್ಣದಿಂದ. ಅಲ್ಟ್ರಾಮರೀನ್ 6 ಪಾಲು, ಬರ್ನ್ಟ್ ಅಂಬರ್ 2, ವಿರಿಡಿಯನ್ 1, ಬಿಳಿ 2. ಇದು ಮೂರರ ಟೋನಿನ ತಾಯಿಬಣ್ಣ. ಒಟ್ಟು 20 ಮಿ.ಲೀ.ಯಾದರೂ ಕಲೆಸಿಡಿ, ಅರ್ಧಕ್ಕೆ ಮುಗಿದು ಮತ್ತೆ ಕಲೆಸಿದರೆ ಅದೇ ಬಣ್ಣ ಬರುವುದು ದೇವರಿಗೇ ಪ್ರೀತಿ. ವಿರಿಡಿಯನ್ ಏಕೆಂದರೆ ಅಲ್ಟ್ರಾಮರೀನಿಗೆ ಬಿಳಿ ಬಿದ್ದ ಕೂಡಲೇ ಅದು ನೇರಳೆಗೆ ತಿರುಗಿ ಸೀಮೆಸುಣ್ಣದಂತಾಗುತ್ತದೆ. ದಂಡಕೋಶಕ್ಕೆ ಬೇಕಾದ ನೀಲಿಹಸಿರಿನ ಕಡೆಗೆ ಎಳೆಯುವುದು ವಿರಿಡಿಯನ್. ಒಂದು ಪಾಲು ದಾಟಿದರೆ ಈಜುಕೊಳದ ನೀರು.

ಈ ಗುಡ್ಡೆಯಿಂದ ಮೂರು ಭಾಗ ಮಾಡಿ, ಎರಡನೆಯದಕ್ಕೆ ಬಿಳಿ ಸೇರಿಸಿ ಮೂರೂಮುಕ್ಕಾಲು, ಮೂರನೆಯದಕ್ಕೆ ಬಿಳಿಯ ಜೊತೆ ಚೂರು ಓಕರ್, ಚೂರು ಸಿಯೆನಾ ಸೇರಿಸಿ ನಾಲ್ಕೂವರೆ. ಮೀಡಿಯಂ (ಬಣ್ಣ ತೆಳುಮಾಡುವ ದ್ರವ): ಅಗಸೆ ಎಣ್ಣೆ 1, ಟರ್ಪೆಂಟೈನ್ 3. ಚಂದ್ರನಿಂದ ಒಂದಿಂಚಿನವರೆಗೆ ಮೂರನೆಯದು, ನಾಲ್ಕಿಂಚಿನವರೆಗೆ ಎರಡನೆಯದು, ಆಚೆಗೆ ತಾಯಿಬಣ್ಣ. ಬ್ರಷ್‌ಗೆರೆಗಳನ್ನು ಅಡ್ಡಾದಿಡ್ಡಿಯಾಗಿ ಹಾಕಿ, ಹಸಿ ಇರುವಾಗಲೇ ಒಣ ಮಾಪ್‌ನಿಂದ ಹಗುರವಾಗಿ ಸವರಿದ್ದು. ಪ್ರತಿ ನಾಲ್ಕೈದು ಸವರಿಕೆಗೆ ಮಾಪನ್ನು ಬಟ್ಟೆಗೆ ಒರೆಸದಿದ್ದರೆ ಚಂದ್ರನ ಬಳಿಯ ಬಿಳುಪು ಇಡೀ ಆಕಾಶಕ್ಕೆ ಹೋಗಿ ಮಂಕಾಗುತ್ತದೆ. ಚಂದ್ರನ ಸುತ್ತ ಸುತ್ತುತ್ತಾ ಬಳಿಯಬಾರದು. ಕಣ್ಣಿಗೆ ಸುತ್ತುಗಳು ಕಂಡುಬಿಟ್ಟರೆ ಚಂದ್ರ ಬೀದಿದೀಪದ ಬಲ್ಬಾಗುತ್ತಾನೆ.

ನೀರು ಆಕಾಶಕ್ಕಿಂತ ಅರ್ಧ ಮನೆ ಕಡಿಮೆ ಟೋನ್. ಅಡ್ಡಗೆರೆಗಳಲ್ಲಿ ಎಳೆದು, ಗುಡ್ಡದ ಬಿಂಬದ ಕಡೆ ಅಂಬರ್ ಹೆಚ್ಚು. ನಕ್ಷತ್ರಗಳ ಆಸೆ ಬಿಡಿ: ಹುಣ್ಣಿಮೆಯ ರಾತ್ರಿ ಹೊಳಪಿನ ನಾಲ್ಕಾರು ಮಾತ್ರ ಕಾಣುವುದು, ಚಂದ್ರನ ಆಸುಪಾಸಿನಲ್ಲಂತೂ ಒಂದೂ ಇಲ್ಲ. ಇಲ್ಲಿ ಎರಡೇ ಹಾಕಿದ್ದು, ಅದೂ ಬಲ ಮೇಲ್ಮೂಲೆಯಲ್ಲಿ, ಐದರ ಟೋನಿನಲ್ಲಿ.

ಕೆಟ್ಟದ್ದು ಐದು ದಿನ ಕಳೆದ ಮೇಲೆ. ಆಕಾಶದ ಬಲ ಅರ್ಧ ಒಣಗಿ ಬೂದಿ ಬಳಿದಂತೆ ಮಂಕಾಯಿತು, ಎಡ ಅರ್ಧ ಮಾತ್ರ ಮೊದಲಿನ ಆಳದಲ್ಲಿತ್ತು. ಕಾರಣ, ಬಲಗಡೆಯ ಜೆಸ್ಸೊ ಹೆಚ್ಚು ಉಜ್ಜಿ ಹೀರುವ ಗುಣ ಜಾಸ್ತಿಯಾಗಿ ಮೇಲಿನ ಎಣ್ಣೆಯನ್ನು ಎಳೆದುಕೊಂಡಿದೆ. ಬಣ್ಣ ಬದಲಾಗಿಲ್ಲ, ಮೇಲಿನ ಹೊಳಪು ಹೋಗಿದೆ ಅಷ್ಟೆ. ಇದನ್ನು ಬಣ್ಣ ಹಾಕಿ ಸರಿಮಾಡಹೋದರೆ ಮುಗಿಯಿತು, ಚಿತ್ರ ಪದರದ ಮೇಲೆ ಪದರ ಕಪ್ಪಾಗುತ್ತಾ ಹೋಗುತ್ತದೆ. ಮಾಡಿದ್ದು ಇಷ್ಟು: ಅಗಸೆ ಎಣ್ಣೆ, ಟರ್ಪೆಂಟೈನ್ ಸಮಪಾಲು, ನಾರು ಬಿಡದ ಬಟ್ಟೆಯಲ್ಲಿ ಅದ್ದಿ ತೆಳ್ಳಗೆ ಉಜ್ಜಿ, ಹತ್ತು ನಿಮಿಷ ಬಿಟ್ಟು, ಒಣಬಟ್ಟೆಯಿಂದ ಪೂರ್ತಿ ಒರೆಸಿದ್ದು. ಆಳ ವಾಪಸು ಬಂತು. ಒರೆಸದೆ ಬಿಟ್ಟರೆ ಆ ಎಣ್ಣೆ ಅಂಟಂಟಾಗಿ ನಿಂತು ಕಾಲಾಂತರದಲ್ಲಿ ಹಳದಿಯಾಗುತ್ತದೆ.

ದಿನ 13: ಗುಡ್ಡ, ಬಂಡೆ

ಮೀಡಿಯಂ ಈಗ ಎಣ್ಣೆ 1, ಟರ್ಪೆಂಟೈನ್ 1. ಕೆಳಗೆ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು ಎಂಬ ನಿಯಮ. ತಿರುಗುಮುರುಗಾದರೆ ಮೇಲಿನದು ಮೊದಲು ಒಣಗಿ, ಅಡಿಯದು ಆಮೇಲೆ ಅಲುಗಿ ಸೀಳುತ್ತದೆ.

ಎದುರು ಗುಡ್ಡಕ್ಕೆ ತಾಯಿಬಣ್ಣದ ಜೊತೆ ಅಂಬರ್, ಎರಡೂವರೆ ಟೋನ್, ಒಂದೇ ಮೈ. ಬಂಡೆ ಬಂಡೆಯಾಗಿ ಬಿಡಿಸುವ ಆಸೆ ಅಲ್ಲಿ ಬೇಡ. ಮೇಲಂಚು ಮಾತ್ರ ಬಂಡೆಗಳ ಬೆನ್ನಂತೆ ಉಬ್ಬುತಗ್ಗಾಗಿರಲಿ, ಚಂದ್ರನ ಕೆಳಗೆ ಅಂಚು ಕೊಂಚ ಕರಗಲಿ. ಆ ಜಾಗದಲ್ಲಿ ಕಣ್ಣಿಗೇ ಅಂಚು ನಿಲುಕುವುದಿಲ್ಲ. ದೂರದ ಎರಡೂ ಬದಿಗಳಲ್ಲಿ ಅಂಚು ಚೂಪಾಗಿದೆ.

ಈಚೆ ದಡದ ಬಂಡೆಗಳು ಬೆಳಕಿಗೆ ಬೆನ್ನು ಹಾಕಿವೆ, ಅಂದರೆ ನಮಗೆ ಕಾಣುವ ಮುಖವೆಲ್ಲ ನೆರಳು. ಹಗಲಲ್ಲಿ ಹಂಪಿಯ ಗ್ರಾನೈಟಿನ ತಿಳಿಗೆಂಪು ಎಷ್ಟು ಚೆಂದವಿದ್ದರೂ ಇಲ್ಲಿ ಅದಕ್ಕೆ ಜಾಗವಿಲ್ಲ. ನೆರಳಿಗೆ ಬೆಚ್ಚನೆಯ ಕಪ್ಪು, ನೆತ್ತಿಗೆ ಬೆಳಕಿನ ಅಂಚು. ಅಂಚನ್ನು ಗೆರೆಯಾಗಿ ಎಳೆಯದೆ, 6ರ ಫಿಲ್ಬರ್ಟಿನಲ್ಲಿ ನಾಲ್ಕೂವರೆಯ ಬೂದುಬಣ್ಣ ತೆಗೆದುಕೊಂಡು, ಬಟ್ಟೆಗೊಮ್ಮೆ ಒತ್ತಿ ಬಹುಪಾಲು ತೆಗೆದು, ಬ್ರಷ್ಷನ್ನು ಮಲಗಿಸಿ ಬಂಡೆಯ ನೆತ್ತಿಯ ಮೇಲೆ ಒಣದಾಗಿ ಉಜ್ಜಿದ್ದು. ಕ್ಯಾನ್ವಾಸಿನ ಉಬ್ಬುಗಳು ಮಾತ್ರ ಬಣ್ಣ ಹಿಡಿದು ಗ್ರಾನೈಟಿನ ಒರಟು ತಾನಾಗಿ ಬಂತು. ಪಕ್ಕಪಕ್ಕದ ಎರಡು ಬಂಡೆಗಳ ನೆರಳು ಸೇರುವ ಕಡೆ ಗೆರೆಯನ್ನೇ ಬಿಟ್ಟಿದೆ. ಆರು ಬಂಡೆಗಳಲ್ಲಿ ಪೂರಾ ಆಕಾರ ಕಾಣುವುದು ಎರಡೇ, ಮಿಕ್ಕದ್ದು ನೋಡುವವರ ಪಾಲು.

ದಿನ 14: ಹರಿಗೋಲು

ಹಂಪಿ ಕಡೆ ತೆಪ್ಪ ಎಂದೂ ಅನ್ನುತ್ತಾರೆ. ಬಿದಿರಿನ ಹೆಣಿಗೆ, ಹೊರಮೈಗೆ ಡಾಂಬರು. ಬೋರಲು ಹಾಕಿದಾಗ ಕಾಣುವುದು ಆ ಡಾಂಬರಿನ ಬೆನ್ನೇ. ಬಂಡೆ ಒರಟು, ಬೆಳಕನ್ನು ಚೆಲ್ಲುತ್ತದೆ. ಡಾಂಬರು ನುಣುಪು, ಬೆಳಕನ್ನು ಒಂದೇ ಕಡೆ ಕೂಡಿಸುತ್ತದೆ. ಆದ್ದರಿಂದ ಮೈಗೆ ಒಂದೂವರೆಯ ಟೋನ್, ಚಿತ್ರದಲ್ಲೇ ಅತಿ ಕಪ್ಪು. ಬೆನ್ನಿನ ಉಬ್ಬಿಗೆ ಮಾತ್ರ ಲೈನರಿನಲ್ಲಿ ಐದರ ಟೋನಿನ ಒಂದು ಬಾಗುಗೆರೆ, ಮುಕ್ಕಾಲು ಇಂಚು, ಎರಡು ಕಡೆ ತುಂಡಾಗಿ. ಬಾಯಂಚಿನ ಬಿದಿರಿನ ಹೆಣಿಗೆಗೆ ಏಳೆಂಟು ಚುಕ್ಕೆ. ಹೆಣಿಗೆ ಪೂರ್ತಿ ಎಣಿಸಿ ಬರೆದರೆ ಬುಟ್ಟಿ ಮಾರುವ ಅಂಗಡಿ ಆಗುತ್ತದೆ.

ಡಾಂಬರು ದೋಣಿಗೆ ಒಪ್ಪುತ್ತದೆ, ಪ್ಯಾಲೆಟ್ಟಿಗಲ್ಲ. 19ನೇ ಶತಮಾನದವರು ಬಿಟುಮೆನ್ ಎಂಬ ಕಂದನ್ನು ಕತ್ತಲೆಗಾಗಿ ಬಳಸುತ್ತಿದ್ದರು. ಹಚ್ಚಿದಾಗ ಜೇನಿನಂತೆ ಆಳ, ಆದರೆ ಅದು ಪೂರಾ ಒಣಗುವುದೇ ಇಲ್ಲ. ಚಿತ್ರಕಾರ ಅರ್ಖಿಪ್ ಕುಯಿಂಜಿಯ ‘ದ್ನೀಪರ್ ಮೇಲಿನ ಬೆಳದಿಂಗಳ ರಾತ್ರಿ’ 1880ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕತ್ತಲೆ ಮಾಡಿದ ಕೋಣೆಯಲ್ಲಿ ಅದೊಂದೇ ಚಿತ್ರವಾಗಿ ದೀಪದ ಬೆಳಕಿನಲ್ಲಿ ಪ್ರದರ್ಶನಗೊಂಡಾಗ, ಜನ ಕ್ಯಾನ್ವಾಸಿನ ಹಿಂದೆ ದೀಪವಿದೆಯೇ ಎಂದು ಹುಡುಕಿದರಂತೆ. ಅದರಲ್ಲೂ ಅಂಥ ಡಾಂಬರುಜಾತಿಯ ಬಣ್ಣವಿತ್ತು, ಕಾಲ ಕಳೆದಂತೆ ಚಿತ್ರ ಕಪ್ಪಾಯಿತು. ಇಂದು ಅಂಬರ್ ಮತ್ತು ಅಲ್ಟ್ರಾಮರೀನ್ ಅದೇ ಆಳ ಕೊಡುತ್ತವೆ.

ದಿನ 22: ಗ್ಲೇಜ್

ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಪಾರದರ್ಶಕ ಪದರ. ಸ್ಟ್ಯಾಂಡ್ ಆಯಿಲ್ 1, ಟರ್ಪೆಂಟೈನ್ 1. ಆ ಮಿಶ್ರಣದ ಒಂದು ಟೀಚಮಚಕ್ಕೆ ಕಡಲೆಕಾಳಿನಷ್ಟು ಅಲ್ಟ್ರಾಮರೀನ್, ಅದರ ಕಾಲುಭಾಗ ಸಿಯೆನಾ. ಮೂಲೆಗಳಿಂದ ಶುರುಮಾಡಿ ಒಳಕ್ಕೆ ತೆಳುವಾಗುತ್ತಾ, ಚಂದ್ರನಿಂದ ಮೂರಿಂಚು ದೂರದಲ್ಲೇ ನಿಲ್ಲಿಸಿದ್ದು. ಬಿಡಿಬಿಡಿಯಾಗಿದ್ದ ಬಂಡೆ, ನೀರು, ಗುಡ್ಡ ಎಲ್ಲ ಒಂದೇ ಗಾಳಿಯೊಳಗೆ ಬಂದವು. ಕ್ಯಾನ್ವಾಸ್ ಮಲಗಿಸಿಟ್ಟು ಹಚ್ಚಿ. ನಿಲ್ಲಿಸಿದರೆ ಗ್ಲೇಜ್ ಜಾರಿ ಕೆಳ ಅಂಚಿನಲ್ಲಿ ಕೂಡುತ್ತದೆ. ಮೇಲೊಂದು ರಟ್ಟಿನ ಪೆಟ್ಟಿಗೆ ಮುಚ್ಚಿಡದಿದ್ದರೆ ಧೂಳೆಲ್ಲ ಅದರ ಪಾಲು.

ಇಲ್ಲಿ ಆದ ಎಡವಟ್ಟು: ಚಂದ್ರನ ಸುತ್ತ ಬೆಚ್ಚಗೆ ಮಾಡೋಣವೆಂದು ಓಕರ್ ಗ್ಲೇಜ್ ಹಾಕಿದ್ದೇ ತಡ, ಆಕಾಶ ಪಾಚಿ ಕಟ್ಟಿತು. ನೀಲಿಯ ಮೇಲೆ ಹಳದಿ ಬಿದ್ದರೆ ಹಸಿರಲ್ಲದೆ ಇನ್ನೇನಾದೀತು. ಹಸಿ ಇದ್ದುದರಿಂದ ಟರ್ಪೆಂಟೈನ್ ಸೋಕಿಸಿದ ಬಟ್ಟೆಯಲ್ಲಿ ಐದು ನಿಮಿಷದೊಳಗೆ ಒರೆಸಿ ತೆಗೆಯಲಾಯಿತು. ಬದಲಿಗೆ ಸಿಯೆನಾಕ್ಕೆ ಬಿಳಿ ಬೆರೆಸಿ, ಗ್ಲೇಜ್ ಆಗಿ ಅಲ್ಲ, ಒಣಬ್ರಷ್ಷಿನಲ್ಲಿ ಮುಸುಕಿನಂತೆ ಉಜ್ಜಿದ್ದು. ಕಿತ್ತಳೆ ಕಡೆಯ ಬಣ್ಣ ನೀಲಿಯ ಎದುರುಬಣ್ಣವಾದ್ದರಿಂದ ಬೂದಾಗುತ್ತದೆಯೇ ಹೊರತು ಹಸಿರಾಗುವುದಿಲ್ಲ.

ದಿನ 30: ಮಿನುಗು, ಚಂದ್ರ

ಬಿಳಿ 10 ಪಾಲಿಗೆ ಓಕರ್ 1, ತಾಯಿಬಣ್ಣ ಅರ್ಧ: ಇದು ನೀರಿನ ಮಿನುಗಿಗೆ. ಮೊದಲ ಪ್ರಯತ್ನ ಏಣಿಯಾಯಿತು. ಒಂದೇ ಉದ್ದದ ಅಡ್ಡಗೆರೆಗಳು, ಒಂದೇ ಅಂತರದಲ್ಲಿ, ಮೆಟ್ಟಿಲಿನಂತೆ. ನೈಫ್‌ನಿಂದ ಕೆರೆದು ತೆಗೆದಾಯಿತು. ಎರಡನೇ ಸಲ ದೂರದಲ್ಲಿ ಗೆರೆಗಳು 3 ಮಿ.ಮೀ. ಉದ್ದ, ಒತ್ತೊತ್ತಾಗಿ, ಹತ್ತಿರ ಬಂದಂತೆ 15ರಿಂದ 20 ಮಿ.ಮೀ., ನಡುವೆ ಕಪ್ಪು ಹೆಚ್ಚು. ಒಂದೊಂದು ಗೆರೆಯೂ ನಡುವೆ ದಪ್ಪ, ಎರಡೂ ತುದಿಗೆ ಸಪೂರ. ಬ್ರಷ್ ಇಡುವಾಗ ಒತ್ತಿ, ಎಳೆಯುತ್ತ ಎತ್ತಿಬಿಟ್ಟರೆ ಹಾಗೆ ಬರುತ್ತದೆ. ಎರಡೂವರೆ ಇಂಚಿನ ಮಟ್ಟದಲ್ಲಿ, ಬಿಂಬದ ನೆಲೆಯಲ್ಲಿ, ನೈಫಿನ ತುದಿಯಿಂದ ನಾಲ್ಕು ದಪ್ಪ ಚೂರುಗಳು. ದಾರಿಯಿಂದ ಹೊರಗೆ ಅಲ್ಲೊಂದು ಇಲ್ಲೊಂದು ಮಿನುಗು ಚೆದುರಿರಲಿ, ಅಂಚು ಕತ್ತರಿಸಿದಂತಿರಬಾರದು.

ಚಂದ್ರ ಕಡೆಗೆ. ಟ್ಯೂಬಿನ ಬಿಳಿ 15 ಪಾಲು, ಓಕರ್ 1, ಎಣ್ಣೆಯೇನೂ ಸೇರಿಸದೆ, ನೈಫ್‌ನಲ್ಲಿ ಒಂದು ಮಿ.ಮೀ. ದಪ್ಪಕ್ಕೆ. ಶುದ್ಧ ಬಿಳಿ ಹಾಕಿದರೆ ಕಾಗದ ಅಂಟಿಸಿದಂತೆ ತಣ್ಣಗಿರುತ್ತದೆ. ಆಮೇಲೆ ಒಣ ಬ್ರಷ್ಷಿನಿಂದ ಅಂಚನ್ನು ಸುತ್ತಲೂ ಅರ್ಧ ಮಿ.ಮೀ. ಹೊರಕ್ಕೆ ಎಳೆದು ಮೆತ್ತಗೆ ಮಾಡಿದ್ದು. ಚೂಪಂಚಿನ ಚಂದ್ರ ಹಣೆಯ ಬಿಂದಿ. ಕಲೆಗಳಿಗೆ ಎಂಟೂವರೆಯ ಟೋನ್ ಸಾಕು, ಅದಕ್ಕಿಂತ ಕಪ್ಪಾದರೆ ಬೆಳಕು ತೂತು ಬೀಳುತ್ತದೆ. ಅವುಗಳ ದಿಕ್ಕೂ ಮುಖ್ಯ. ಉತ್ತರ ಮೇಲಿರುವಂತೆ ಅಚ್ಚಾದ ಚಂದ್ರನ ಫೋಟೊ ನೋಡಿ ಬರೆದರೆ ತಪ್ಪು. ನಮ್ಮ ಅಕ್ಷಾಂಶದಲ್ಲಿ ಮೂಡುತ್ತಿರುವ ಚಂದ್ರ ಆ ಫೋಟೊಗಿಂತ ಸುಮಾರು 75 ಡಿಗ್ರಿ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿರುತ್ತಾನೆ. ಫೋಟೊವನ್ನು ಹಾಗೆ ತಿರುಗಿಸಿಟ್ಟುಕೊಂಡು ಬರೆಯಿರಿ. ನಮ್ಮವರಿಗೆ ಮೊಲ ಕಂಡದ್ದೂ ಇಂಥ ತಿರುಗಿದ ಚಂದ್ರನಲ್ಲೇ ಇರಬೇಕು.

ದಿನ 35: ದೀಪದ ತಿದ್ದುಪಡಿ

ದೀಪವನ್ನು ಎಂಟರ ಟೋನಿನಲ್ಲಿ ಹಾಕಿದ್ದೇ ತಪ್ಪಾಗಿತ್ತು. ಕಣ್ಣು ಚಂದ್ರನಿಗೂ ಮಂಟಪಕ್ಕೂ ಓಡಾಡಿ ಎಲ್ಲೂ ನಿಲ್ಲುತ್ತಿರಲಿಲ್ಲ. ಕೆರೆದು, ಜೋಳದ ಕಾಳಿನಷ್ಟಿದ್ದುದನ್ನು ರಾಗಿಯಷ್ಟು ಮಾಡಿ, ಟೋನನ್ನು ಆರಕ್ಕೆ ಇಳಿಸಿ, ಬಿಳಿ ತೆಗೆದು ಕ್ಯಾಡ್ಮಿಯಂ ಆರೆಂಜನ್ನೇ ಬಿಟ್ಟಿದೆ. ಸುತ್ತಲೂ ಬೂದುನೀಲಿ ಇರುವಾಗ ಬಣ್ಣದ ಬಿಸಿಯೇ ಸಾಕು, ಬಿಳುಪು ಬೇಡ. ಕಂಬದ ಒಳಮೈಗೆ ಸಿಯೆನಾದ ಒಂದು ಉಜ್ಜು, ಎರಡೂವರೆ ಟೋನಿನಲ್ಲಿ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಹಲ್ದಣಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರ ನೋಡಿದವರಿಗೆ ಇದು ಹೊಸದಲ್ಲ. ಅದು ಜಲವರ್ಣ, ಆದರೂ ಲೆಕ್ಕ ಇದೇ: ಜ್ವಾಲೆಯನ್ನು ಬೆರಳು ಮರೆಮಾಡಿದೆ, ಕಾಣುವುದು ಅದರ ಬಿಸಿ ಮಾತ್ರ.

ಕೋಣೆಯ ಬೆಳಕು, ಚಿಂದಿಬಟ್ಟೆ, ವಾರ್ನಿಶ್

ಬರೆಯುವಾಗ ಈಸೆಲ್ ಮೇಲಿನ ದೀಪ ತೀರ ಪ್ರಖರವಾಗಿದ್ದರೆ ಕಪ್ಪಿನೊಳಗಿನ ಭೇದಗಳೆಲ್ಲ ಚೆನ್ನಾಗಿ ಕಂಡು, ಮನೆಯ ಗೋಡೆಗೆ ಹೋದ ಮೇಲೆ ಚಿತ್ರ ಕಲ್ಲಿದ್ದಲಿನ ಮೂಟೆಯಾಗುತ್ತದೆ. 4000ದಿಂದ 5000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ), ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆಯಾದ ಸಿಆರ್‌ಐ 90ಕ್ಕೆ ಮೇಲಿನ ಎಲ್‌ಇಡಿ ಒಂದು ಸಾಕು. ಪ್ರತಿ ಸಲ ಮುಗಿದ ಮೇಲೆ ಅದನ್ನು ಆರಿಸಿ ಕೋಣೆಯ ಸಾಮಾನ್ಯ ಬೆಳಕಿನಲ್ಲಿ ನೋಡಿ ಏಳುವುದು. ಹಸಿ ಕಪ್ಪು ಕನ್ನಡಿಯಂತೆ ಹೊಳೆದು ಏನೂ ಕಾಣದಿದ್ದರೆ ಕ್ಯಾನ್ವಾಸಿನ ಮೇಲಂಚನ್ನು ಐದಾರು ಡಿಗ್ರಿ ಮುಂದಕ್ಕೆ ಬಾಗಿಸಿ.

ಅಗಸೆ ಎಣ್ಣೆ ಸೋಕಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ಒಣಗುವಾಗ ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಬಯಲಲ್ಲಿ ಒಣಹಾಕಿ, ಇಲ್ಲವೇ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಹಾಕಿಡಿ.

ಮಾರ್ಚ್ ಕೊನೆಗೆ, ಚಂದ್ರನ ದಪ್ಪ ಬಣ್ಣ ಬಿಟ್ಟು ಉಳಿದದ್ದೆಲ್ಲ ಮುಟ್ಟಿದರೆ ಒಣಗಿದಂತಾಗಿತ್ತು. ಮಂಕಾದ ಎರಡು ಕಡೆಗೆ ತಾತ್ಕಾಲಿಕವಾದ ರಿಟಚ್ ವಾರ್ನಿಶ್ ಒಂದು ತೆಳು ಪದರ. ಕಡೆಯ ವಾರ್ನಿಶ್‌ಗೆ ಆರು ತಿಂಗಳು ಕಾಯಬೇಕು. ಲೆಕ್ಕ ಹಾಕಿದರೆ ಅದು ಮಳೆಗಾಲದ ಬಾಲಕ್ಕೆ ಬೀಳುತ್ತದೆ, ತೇವದ ದಿನ ಹಚ್ಚಿದ ವಾರ್ನಿಶ್ ಕಪ್ಪಿನ ಮೇಲೆ ಬೂದು ಮುಸುಕಾಗಿ ನಿಲ್ಲುತ್ತದೆ. ನವೆಂಬರಿನ ಒಣ ಮಧ್ಯಾಹ್ನಕ್ಕೆ ಮುಂದೂಡಿದೆ. ಹೊಳಪಿನದು ಎರಡು ಪಾಲು, ಮ್ಯಾಟ್ ಒಂದು ಪಾಲು. ಪೂರಾ ಹೊಳಪಾದರೆ ಎದುರಿನ ಕಿಟಕಿಯೇ ಚಿತ್ರದಲ್ಲಿ ಕಾಣುತ್ತದೆ, ಪೂರಾ ಮ್ಯಾಟ್ ಆದರೆ ಹರಿಗೋಲಿನ ಕಪ್ಪು ಮತ್ತೆ ಬೂದಿಯಾಗುತ್ತದೆ.